ಸೀಗಡಿ ಸೂಲಗಿತ್ತಿಯ ಬೋಗುಣಿ

ನನ್ನ ದೊಡ್ಡಮ್ಮನ ಬೆರಳುಗಳು ಯಾವಾಗ ನೋಡಿದರೂ ಆಗಷ್ಟೇ ರಾಶಿ ಬಟ್ಟೆ ಒಗೆದು ಬಂದವಳ ಬೆರಳುಗಳ ಹಾಗೆ ಇರುತ್ತವೆ. ಬೆಳ್ಳಗೆ, ಸುಕ್ಕುಸುಕ್ಕಾಗಿ, ತಣ್ಣಗೆ. ತುದಿಗಳಲ್ಲಿ ಸಣ್ಣ ಗೀರುಗಳು ಬೇರೆ. ಸೀಗಡಿಯ ಹಣೆಯಿಂದ ಮುಂದಕ್ಕೆ ಚಾಚಿದ ಒಂದು ಗರಗಸ ಇರುತ್ತದಲ್ಲ, ಅದು ಹಾಕಿದ ಗುರುತುಗಳು ಅವು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಅಮ್ಮ ಒದ್ದೆ ಬಟ್ಟೆ ಹುಡುಕುತ್ತಿರಲಿಲ್ಲ, ತನ್ನ ಅಕ್ಕನನ್ನು ಕರೆಸುತ್ತಿದ್ದಳು. ಆ ಕೈ ಹಣೆಯ ಮೇಲೆ ಬಿದ್ದರೆ ಸಾಕು, ಅರ್ಧ ಜ್ವರ ಇಳಿಯುತ್ತಿತ್ತು.

ಅಕ್ಕ ತಂಗಿ ಇಬ್ಬರೂ ಹುಟ್ಟಿ ಬೆಳೆದದ್ದು ನದಿ ಸಮುದ್ರಕ್ಕೆ ಸೇರುವ ಅಳಿವೆಯ ಪಕ್ಕದಲ್ಲೇ. ಇಬ್ಬರಿಗೂ ಅನ್ನ ಹಾಕಿದ್ದು ಸೀಗಡಿಯೇ. ಅಮ್ಮ ಸೊಂಟದವರೆಗೆ ಕೆಸರುನೀರಿನಲ್ಲಿ ನಿಂತು ಕೈಬಲೆ ಹಾಕಿ ಸೀಗಡಿ ಹಿಡಿದು ಮಾರಿದಳು. ದೊಡ್ಡಮ್ಮ ನೀರು ಪರೀಕ್ಷೆ ಮಾಡುವ ಕೇಂದ್ರದಲ್ಲಿ ಸಹಾಯಕಿಯಾಗಿ ಸೇರಿ ಪರೀಕ್ಷೆಗೆ ಬೇಕಾದ ಸೀಗಡಿ ಸಾಕಿದಳು. "ನಿಮ್ಮಮ್ಮ ಹಿಡಿದು ಮಾರ್ತಾಳೆ, ನಾನು ಸಾಕಿ ಸಾಯಿಸ್ತೀನಿ. ಇಬ್ಬರಲ್ಲಿ ಯಾರು ಪಾಪಿ ನೀನೇ ಹೇಳು" ಎಂದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದಳು. ಆಗ ಅದು ತಮಾಷೆಯ ಮಾತಾಗಿತ್ತು.

ಕೇಂದ್ರವೆಂದರೆ ಭಾರೀ ಏನಲ್ಲ. ಮುಂದೆ ಎರಡು ಕೋಣೆ, ಹಿಂದೆ ತಗಡು ಹೊದೆಸಿದ ಉದ್ದನೆಯ ಶೆಡ್ಡು. ಶೆಡ್ಡಿನ ತುಂಬ ಗಾಜಿನ ತೊಟ್ಟಿಗಳು, ಒಂದೊಂದರೊಳಗೂ ಗಾಳಿ ಊದುವ ಸಣ್ಣ ನಳಿಕೆ. ಒಳಗೆ ಕಾಲಿಟ್ಟರೆ ಗುಳುಗುಳು ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ತೊಟ್ಟಿಗಳ ಮೇಲೆ ಬಲೆ, ಬಲೆಯ ಮೇಲೆ ಇಟ್ಟಿಗೆ. ಇಟ್ಟಿಗೆ ಇಡುವುದು ಮರೆತರೆ ಸೀಗಡಿ ಚಂಗನೆ ಹಾರಿ ನೆಲಕ್ಕೆ ಬಿದ್ದು ಒಣಗಿಹೋಗುತ್ತದೆ. ದೊಡ್ಡಮ್ಮ ದೀಪ ಹಾಕುವ ಮೊದಲು ಬಾಗಿಲನ್ನು ಮೆಲ್ಲಗೆ ತಟ್ಟುತ್ತಿದ್ದಳು, ಫಕ್ಕನೆ ಬೆಳಕು ಬಿದ್ದರೆ ಅವು ಬೆಚ್ಚಿ ಗಾಜಿಗೆ ತಲೆ ಬಡಿದುಕೊಳ್ಳುತ್ತವಂತೆ. "ಮಲಗಿರೋರ ಕೋಣೆಗೆ ಯಾರಾದ್ರೂ ಹಾಗೆ ನುಗ್ತಾರಾ?" ಎಂದು ಹೊಸಬರನ್ನು ಗದರಿಸುತ್ತಿದ್ದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೂ ಅವಳ ಉತ್ತರ ಸಿದ್ಧವಾಗಿತ್ತು: "ಗುಳುಗುಳು ಇಲ್ಲದ ಮನೇಲಿ ನನಗೆ ನಿದ್ದೆ ಬರಲ್ಲ."

ಅವಳು ನನಗೆ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿ ಇರಲಿಲ್ಲ, ಸೀಗಡಿ ಮರಿ ಇತ್ತು. ತಾಯಿ ಸೀಗಡಿ ದೂರ ಸಮುದ್ರದಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಟ್ಟು ತನ್ನ ಪಾಡಿಗೆ ತಾನು ಹೋಗುತ್ತದೆ. ಒಡೆದು ಬಂದ ಮರಿ ಸೀಗಡಿಯ ಹಾಗೆ ಕಾಣುವುದೇ ಇಲ್ಲ, ಧೂಳಿನ ಕಣದಂತೆ ನೀರಿನಲ್ಲಿ ತೇಲುತ್ತದೆ. ತೇಲುತ್ತಾ ತೇಲುತ್ತಾ ರೂಪ ಬದಲಿಸಿ, ಸಮುದ್ರ ಉಕ್ಕಿಬರುವ ಭರತದ ನೀರಿನ ಜೊತೆ ಅಳಿವೆಗೆ ಬಂದು ಸೇರುತ್ತದೆ. ಅಲ್ಲಿಯ ಕೆಸರು, ಜೊಂಡು, ಅರ್ಧ ಸಿಹಿ ಅರ್ಧ ಉಪ್ಪಿನ ನೀರೇ ಅದರ ತೊಟ್ಟಿಲು. ಕೆಲವು ತಿಂಗಳು ಅಲ್ಲೇ ತಿಂದು ಬೆಳೆದು, ಮೈಗೆ ಬಲ ಬಂದ ಮೇಲೆ ಮತ್ತೆ ಸಮುದ್ರಕ್ಕೆ ಹೊರಡುತ್ತದೆ. ಅದರ ರಕ್ತದಲ್ಲಿ ನಮ್ಮ ಹಾಗೆ ಕಬ್ಬಿಣ ಇಲ್ಲ, ತಾಮ್ರ ಇದೆ, ಅದಕ್ಕೇ ರಕ್ತಕ್ಕೆ ತುಸು ನೀಲಿ ಬಣ್ಣ. ಈ ಮಾತು ಕೇಳಿ ನಾನು ವಾರಗಟ್ಟಲೆ ನೀಲಿ ಶಾಯಿಯನ್ನು ಬೆರಳಿಗೆ ಹಚ್ಚಿಕೊಂಡು ಗಾಯವಾಗಿದೆ ಎಂದು ಶಾಲೆಯಲ್ಲಿ ತೋರಿಸಿದ್ದೆ.

ಆದರೆ ಅವಳು ತುಂಬ ಹೇಳುತ್ತಿದ್ದದ್ದು ಚಿಪ್ಪು ಕಳಚುವ ಮಾತು. ಸೀಗಡಿಯ ಮೈ ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ಅಂಗಿ ಬಿಗಿಯಾದ ಮಗುವಿನ ಹಾಗೆ ಅದು ಹಳೆಯದನ್ನು ಬಿಚ್ಚಿ ಹೊರಗೆ ಬರಲೇಬೇಕು. ಎಳೆಯ ಮರಿಯಾದರೆ ಮತ್ತೆ ಮತ್ತೆ ಬಿಚ್ಚುತ್ತಲೇ ಇರುತ್ತದೆ. ಹೊರಗೆ ಬಂದಾಗ ಮೈಯೆಲ್ಲ ಮೆತ್ತಗೆ. ಆಗ ಗಟಗಟ ನೀರು ಹೀರಿಕೊಂಡು ಉಬ್ಬುತ್ತದೆ, ಉಬ್ಬಿದ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಗಟ್ಟಿಯಾಗುವ ತನಕ ಅದಕ್ಕೆ ಓಡಲು ಆಗದು, ಕಾದಾಡಲು ಆಗದು, ಪಕ್ಕದಲ್ಲಿರುವ ಸೀಗಡಿಯೇ ಬಂದು ತಿಂದು ಮುಗಿಸುತ್ತದೆ. ದೊಡ್ಡಮ್ಮನಿಗೆ ಇದನ್ನು ನೋಡಲು ಆಗುತ್ತಿರಲಿಲ್ಲ.

ಅದಕ್ಕೆ ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ಚಿಪ್ಪು ಬಿಚ್ಚಿದ್ದು ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಚಹಾ ಸೋಸುವ ಜರಡಿಯಲ್ಲಿ ನಾಜೂಕಾಗಿ ಎತ್ತಿ, ಮೂಲೆಯಲ್ಲಿದ್ದ ಬಿಳಿ ಬೋಗುಣಿಗೆ ಬಿಡುತ್ತಿದ್ದಳು. ಬೋಗುಣಿಯಲ್ಲಿ ಶುದ್ಧ ಸಮುದ್ರದ ನೀರು, ಅಡಗಿಕೊಳ್ಳಲು ಒಂದು ಪೈಪಿನ ತುಂಡು. ಅದಕ್ಕೆ ಅವಳು ಇಟ್ಟ ಹೆಸರು ಬಾಣಂತಿ ಬೋಗುಣಿ. ಅಲ್ಲಿಯವರು ಅವಳಿಗೆ ಇಟ್ಟ ಹೆಸರು ಸೀಗಡಿ ಸೂಲಗಿತ್ತಿ. ಆ ಹೆಸರು ಕರೆದರೆ ಸಿಟ್ಟು ಬಂದಂತೆ ಮಾಡುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ಈಗ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು, ಇಲ್ಲದಿದ್ದರೆ ಅವಳ ತಪ್ಪು ಏನೆಂದು ತಿಳಿಯುವುದಿಲ್ಲ. ಯಾವುದಾದರೂ ಕಾರ್ಖಾನೆ ತನ್ನ ಕೊಳೆನೀರನ್ನು ಅಳಿವೆಗೆ ಬಿಡಬೇಕೆಂದರೆ, ಮೊದಲು ಆ ನೀರಿನ ಮಾದರಿ ಕೇಂದ್ರಕ್ಕೆ ಬರುತ್ತದೆ. ಒಂದು ತೊಟ್ಟಿಗೆ ಅದನ್ನು ಸ್ವಲ್ಪ ಬೆರೆಸುತ್ತಾರೆ, ಮುಂದಿನದಕ್ಕೆ ಇನ್ನಷ್ಟು, ಅದರ ಮುಂದಿನದಕ್ಕೆ ಮತ್ತಷ್ಟು. ಒಂದು ತೊಟ್ಟಿಯಲ್ಲಿ ಮಾತ್ರ ಏನೂ ಬೆರೆಸದ ಸಾದಾ ನೀರು. ಎಲ್ಲದಕ್ಕೂ ಸಮನಾಗಿ ಸೀಗಡಿ ಬಿಟ್ಟು ನಾಲ್ಕು ದಿನ ನೋಡುತ್ತಾರೆ. ಯಾವ ತೊಟ್ಟಿಯವರೆಗೆ ಒಂದೂ ಸಾಯುವುದಿಲ್ಲವೋ ಅದರ ಮೇಲೆ ಕಾರ್ಖಾನೆಗೆ ಎಷ್ಟು ಬಿಡಬಹುದು ಎಂಬುದು ತೀರ್ಮಾನವಾಗುತ್ತದೆ. ಆ ನಾಲ್ಕು ದಿನ ಸೀಗಡಿಗಳಿಗೆ ಊಟ ಇಲ್ಲ, ಊಟ ಹಾಕಿದರೆ ನೀರು ಕೆಡುತ್ತದೆ. ಹಸಿದ ಸೀಗಡಿಗೆ ಅಣ್ಣ ತಮ್ಮ ಎಂಬುದಿಲ್ಲ. ಚಿಪ್ಪು ಬಿಚ್ಚಿ ಮೆತ್ತಗಾದದ್ದನ್ನು ಉಳಿದವು ತಿಂದುಬಿಡುತ್ತವೆ, ಸಾದಾ ನೀರಿನ ತೊಟ್ಟಿಯಲ್ಲಿ ಕೂಡ.

ದೊಡ್ಡಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಆಗಿತ್ತು. ಸಾದಾ ನೀರಿನಲ್ಲೇ ಸೀಗಡಿಗಳು ಸತ್ತರೆ ಆ ಪರೀಕ್ಷೆಗೆ ಬೆಲೆ ಇಲ್ಲ, ಮೊದಲಿನಿಂದ ಮಾಡಬೇಕು. ಆಗಿನ ದೊಡ್ಡ ಸಾಹೇಬರು ಎಲ್ಲರೆದುರು ಅವಳ ಬೆವರಿಳಿಸಿದರು. "ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮ ಮಾಡಿದ ಹಾಗಾಯ್ತಲ್ಲಮ್ಮ! ಸೀಗಡಿ ನೋಡ್ಕೊಳ್ಳೋಕೆ ಬರಲ್ಲ ಅಂದ್ರೆ ಬೇರೆ ಕೆಲಸ ನೋಡ್ಕೊ." ಅಂದಿನಿಂದ ಅವಳು ಪರೀಕ್ಷೆಯ ತೊಟ್ಟಿಗಳಲ್ಲೂ ತನ್ನ ಜರಡಿ ಆಡಿಸತೊಡಗಿದಳು. ಮೆತ್ತಗಾದದ್ದನ್ನು ಎತ್ತಿ ಬಾಣಂತಿ ಬೋಗುಣಿಗೆ ಬಿಟ್ಟು, ಅದರ ಜಾಗಕ್ಕೆ ಗಟ್ಟಿ ಚಿಪ್ಪಿನದೊಂದನ್ನು ಹಾಕುವುದು. ಯಾವ ನೀರಿನ ತೊಟ್ಟಿ ಎಂಬ ಭೇದ ಇಲ್ಲ, ಎಲ್ಲದಕ್ಕೂ ಒಂದೇ ನ್ಯಾಯ. ಆಮೇಲೆ ಒಂದು ಪರೀಕ್ಷೆಯೂ ಕೆಡಲಿಲ್ಲ. ಸಾಹೇಬರು ಬೆನ್ನು ತಟ್ಟಿದರು, ಹೇಗೆ ಮಾಡುತ್ತೀ ಎಂದು ಕೇಳಲಿಲ್ಲ. ಬಸ್ಸಿನಲ್ಲಿ ತಲೆ ಎಣಿಸಿ ಹೊಟ್ಟೆ ಹೊರೆಯುವ ಕಂಡಕ್ಟರ್ ನಾನು. ಒಬ್ಬ ಇಳಿದು ಇನ್ನೊಬ್ಬ ಹತ್ತಿದರೆ ತಲೆ ಅಷ್ಟೇ ಇದ್ದರೂ ಜನ ಬೇರೆ ಎಂದು ನನಗೆ ಗೊತ್ತಾಗುತ್ತದೆ. ಅಷ್ಟು ಓದಿದ ಸಾಹೇಬರು ಗಾಜಿನಾಚೆಗೆ ಒಂದು ಸಲ ಸರಿಯಾಗಿ ಬಗ್ಗಿ ನೋಡಲಿಲ್ಲವಲ್ಲ ಎಂದು ಈಗಲೂ ನನಗೆ ಮೈ ಉರಿಯುತ್ತದೆ.

ತಗಡುಗಳಿಗೆ ತಾಮ್ರದ ಲೇಪ ಹಾಕುವ ಕಾರ್ಖಾನೆ ಬರುತ್ತದೆ ಎಂದಾಗ ಕೈಬಲೆಯ ಹೆಂಗಸರೆಲ್ಲ ಗಾಬರಿಯಾದರು. ಕೊಳೆನೀರು ಅಳಿವೆಗೆ ಬಿದ್ದರೆ ನಮ್ಮ ಗತಿ ಏನು, ಎಲ್ಲರೂ ಹೋಗಿ ರಸ್ತೆಯಲ್ಲಿ ಕೂರೋಣ ಎಂದರು. ಅಮ್ಮ ಓಡಿಹೋಗಿ ಅಕ್ಕನನ್ನು ಕೇಳಿದಳು. ಆ ನೀರಿನ ಪರೀಕ್ಷೆ ಆಗಷ್ಟೇ ಮುಗಿದಿತ್ತು. "ಏನೂ ಹೆದರ್ಬೇಡ ಕಣೇ. ನಾಲ್ಕು ದಿನ ನಾನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೀನಿ. ಅವರು ಬಿಡೋ ಅಳತೇಲಿ ಒಂದು ಸೀಗಡೀನೂ ಸಾಯಲ್ಲ" ಎಂದಳು ದೊಡ್ಡಮ್ಮ. ಅಮ್ಮ ವಾಪಸ್ಸು ಬಂದು ಆ ಹೆಂಗಸರಿಗೆ, "ನಮ್ಮಕ್ಕನೇ ನಿಂತು ನೋಡಿದ್ದಾಳೆ, ಇನ್ನೇನು ಬೇಕು?" ಎಂದಳು. ಯಾರೂ ರಸ್ತೆಯಲ್ಲಿ ಕೂರಲಿಲ್ಲ.

ಕಾರ್ಖಾನೆ ನೀರು ಬಿಡಲು ಶುರುಮಾಡಿದ ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಬಲೆ ಹಗುರವಾಗುತ್ತಾ ಬಂತು. ಅಮ್ಮ ಹಿಂದೆ ಒಂದು ಭರತಕ್ಕೆ ತುಂಬುತ್ತಿದ್ದ ಬುಟ್ಟಿ ಇಡೀ ದಿನ ನಿಂತರೂ ತುಂಬದಾಯಿತು. ಹೆಂಗಸರು ಅಮ್ಮನ ಬೆನ್ನ ಹಿಂದೆ ಅಲ್ಲ, ಮುಖದ ಮುಂದೆಯೇ ಚುಚ್ಚತೊಡಗಿದರು: "ನಿಮ್ಮಕ್ಕನ್ನ ಕರ್ಕೊಂಡ್ ಬಾ, ಅವಳ ಕಣ್ಣಿಗಾದ್ರೂ ಸೀಗಡಿ ಕಾಣ್ಸುತ್ತೇನೋ." ಅಮ್ಮ ತುಟಿಪಿಟಕ್ಕೆನ್ನಲಿಲ್ಲ. ದೊಡ್ಡಮ್ಮನ ಹತ್ತಿರ ಹೇಳಿದರೆ ಅವಳು, ಬಲೆಗಳು ಜಾಸ್ತಿಯಾಗಿವೆ, ಮಳೆ ಸರಿಯಿಲ್ಲ, ಮರಳು ತೆಗೆದು ನೆಲ ಕೆಡಿಸಿದ್ದಾರೆ ಎನ್ನುತ್ತಿದ್ದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತನ್ನ ತೊಟ್ಟಿಗಳನ್ನು ಅವಳು ಅಷ್ಟು ನಂಬಿದ್ದಳು.

ಅದು ಬಯಲಾದದ್ದು ನಮ್ಮ ಹಿತ್ತಲಿನ ಕಲ್ಲಿನ ಮೇಲೆ. ನನಗೆ ರಜೆಯಿತ್ತು, ದೊಡ್ಡಮ್ಮನೂ ಬಂದಿದ್ದಳು. ಅಮ್ಮ ಅಳಿವೆಯಿಂದ ಬಂದವಳೇ ಬುಟ್ಟಿಯನ್ನು ಕಲ್ಲಿನ ಮೇಲೆ ಕವುಚಿದಳು. ತಳದಲ್ಲಿ ಒಂದು ಹಿಡಿಯಷ್ಟು ಮರಿಗಳು, ಎಲ್ಲ ಸತ್ತವು.

"ಇವು ಬಲೇಲಿ ಸಿಕ್ಕಿದ್ದಲ್ಲ, ಕೆಸರಲ್ಲಿ ಬಿದ್ದಿದ್ವು. ನೋಡು ಅಂತ ತಂದೆ" ಎಂದಳು ಅಮ್ಮ.

ದೊಡ್ಡಮ್ಮ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಮೆತ್ತಗೆ ಹಿಸುಕಿಹೋಯಿತು. ಇನ್ನೊಂದನ್ನು ಒತ್ತಿದಳು. ಅದೂ ಹಾಗೇ. ಮೂರನೆಯದರ ಬಾಲಕ್ಕೆ ಹಳೆಯ ಚಿಪ್ಪು ಇನ್ನೂ ಅಂಟಿಕೊಂಡಿತ್ತು.

"ಸತ್ತಿರೋವೆಲ್ಲ ಹೀಗೇನಾ ಇರೋದು?"

"ಎಲ್ಲಾ ಹೀಗೇ. ಗಟ್ಟಿ ಇರೋವು ಚೆನ್ನಾಗೇ ಓಡಾಡ್ಕೊಂಡಿರ್ತವೆ. ಆದ್ರೆ ಎಷ್ಟು ದಿನ ಗಟ್ಟಿ ಇರ್ತವೆ ಅಕ್ಕ? ಚಿಪ್ಪು ಬಿಡ್ಲೇಬೇಕಲ್ಲ."

ದೊಡ್ಡಮ್ಮ ಕೈಯಲ್ಲಿದ್ದ ಮರಿಯನ್ನು ಕಲ್ಲಿನ ಮೇಲಿಟ್ಟಳು. ನಾನು ತಂದಿಟ್ಟ ಚಹಾ ಹಾಗೇ ಬಿಟ್ಟು, ತಲೆನೋವು ಎಂದು ಎದ್ದು ಹೋದಳು. ಅಮ್ಮ ಅವಳ ಬೆನ್ನನ್ನೇ ನೋಡುತ್ತಾ, "ಇವಳಿಗೇನಾಯ್ತು?" ಎಂದಳು.

ಮರುದಿನ ದೊಡ್ಡಮ್ಮ ನನ್ನ ಬಸ್ಸು ಹತ್ತಿದಳು. ಅವಳ ಸ್ಟಾಪು ಬಂತು, ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಡ್ರೈವರ್ ಊಟಕ್ಕೆ ಹೋದ. ಖಾಲಿ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದವಳು, "ಕಂಡಕ್ಟ್ರಮ್ಮ, ಇಲ್ಲಿ ಬಾ" ಎಂದು ಕರೆದಳು. ಜರಡಿಯ ವಿಷಯ, ಬೋಗುಣಿಯ ವಿಷಯ, ತಾಮ್ರದ ನೀರಿನ ಪರೀಕ್ಷೆಯ ವಿಷಯ ಎಲ್ಲವನ್ನೂ ಹೇಳಿದಳು.

"ಮೆತ್ತಗಿರುವಾಗ ಅದು ನೀರು ಕುಡಿದು ಉಬ್ಬುತ್ತೆ ಅಂತ ನಿನಗೆ ನಾನೇ ಅಲ್ವೇನೇ ಹೇಳಿದ್ದು? ನೀರಿನ ಜೊತೆ ನೀರಲ್ಲಿರೋದೂ ಮೈಗೆ ಹೋಗುತ್ತೆ. ಗಟ್ಟಿ ಚಿಪ್ಪಿರುವಾಗ ತಡ್ಕೊಳ್ಳೋದನ್ನ ಆಗ ತಡ್ಕೊಳ್ಳೋಕೆ ಆಗಲ್ಲ. ಸಾಯೋದನ್ನೆಲ್ಲ ನಾನು ಆಚೆ ತೆಗೆದುಬಿಟ್ಟೆ. ಸಾಯ್ದೆ ಇರೋವನ್ನ ಇಟ್ಟುಕೊಂಡು, ನೋಡಿ ಯಾರೂ ಸತ್ತಿಲ್ಲ ಅಂದೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದ ಹಾಗೆ ಬೈದೆ. ಅಮ್ಮ ಎಷ್ಟು ಜನರ ಕೈಲಿ ಮಾತು ಕೇಳಿದಳು ಗೊತ್ತಾ ಎಂದೆ, ಜೀವಮಾನವಿಡೀ ಸೀಗಡಿ ಸಾಕಿದವಳಿಗೆ ಇಷ್ಟು ತಿಳಿಯಲಿಲ್ಲವಾ ಎಂದೆ. ಅವಳು ತಲೆ ಎತ್ತದೆ, "ಇನ್ನೂ ಬೈ" ಎಂದಳು. ನಾನು ಟಿಕೆಟ್ ಚೀಲವನ್ನು ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ.

ಆಮೇಲೆ ಅವಳೇ ಹೇಳಿದಳು. "ತಿಳೀಲಿಲ್ಲ ಅಂತ ಹೇಳೋಕೂ ನನಗೆ ಬಾಯಿಲ್ಲ. ತಾಮ್ರದ ನೀರಿಂದ ಎತ್ತಿ ಬಿಟ್ಟವು ಬೋಗುಣೀಲೂ ಉಳೀತಿರಲಿಲ್ಲ. ಬೆಳಗ್ಗೆ ನೋಡಿದ್ರೆ ಅಂಗಾತ ಬಿದ್ದಿರ್ತಿದ್ವು. ಸಾದಾ ನೀರಿಂದ ಎತ್ತಿದವು ಬದುಕ್ತಿದ್ವು. ಅದನ್ನ ಕಣ್ಣಾರೆ ಕಂಡೆ. ಅಯ್ಯೋ ಪಾಪ, ಬಾಣಂತಿ ಸಂಕಟ ಅಂದ್ಕೊಂಡು ಚೆಲ್ಲಿದೆ. ಬೋಗುಣೀಲಿ ಸತ್ತಿದ್ದು ಲೆಕ್ಕಕ್ಕೆ ಬರಲ್ವಲ್ಲ."

ಕಾರ್ಖಾನೆಯವರು ಈಗ ಬಿಡುತ್ತಿರುವ ನೀರಿನ ಎರಡರಷ್ಟು ಬಿಡಲು ಒಪ್ಪಿಗೆ ಕೇಳಿದ್ದರು. ಹಳೆಯ ಪರೀಕ್ಷೆಯ ಆಧಾರದ ಮೇಲೆ ಕೇಂದ್ರ ಹೂಂ ಎಂದರೆ ಮುಗಿಯಿತು, ಅಳಿವೆಯಲ್ಲಿ ಉಳಿದಿರುವುದೂ ಹೋಗುತ್ತದೆ. ದೊಡ್ಡಮ್ಮ ಮಾತಾಡಬೇಕಿದ್ದರೆ ಆಗಲೇ ಮಾತಾಡಬೇಕಿತ್ತು. ಹಳೆಯ ಸಾಹೇಬರು ನಿವೃತ್ತರಾಗಿ ಅವರ ಜಾಗಕ್ಕೆ ಒಬ್ಬ ಮೇಡಂ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ. ನಾನು ಜೊತೆಗೆ ಹೋದೆ. ದೊಡ್ಡಮ್ಮ ಜರಡಿಯನ್ನು ಮೇಜಿನ ಮೇಲಿಟ್ಟು ನಿಂತೇ ಎಲ್ಲ ಹೇಳಿದಳು.

ಮೇಡಂ ಆ ಜರಡಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಪರೀಕ್ಷೆ ಶುರುವಾಗುವಾಗ ಗಟ್ಟಿ ಚಿಪ್ಪಿನವನ್ನೇ ಆರಿಸೋದು ನಾವೆಲ್ಲ ಮಾಡೋದೇ. ಮಧ್ಯದಲ್ಲಿ ಬದಲಾಯಿಸಿದ್ದು ತಪ್ಪು. ಆದ್ರೆ ಅದನ್ನ ನಿಮಗೆ ಹೇಳಿಕೊಡದೆ ಇದ್ದದ್ದು ನಮ್ಮ ತಪ್ಪು. ನೀವೊಬ್ಬರೇ ತಲೆ ಮೇಲೆ ಹೊತ್ಕೋಬೇಡಿ."

"ಹೊತ್ಕೊಳ್ದೆ ಎಲ್ಲಿಡ್ಲಿ ಮೇಡಂ?" ಎಂದಳು ದೊಡ್ಡಮ್ಮ.

ಪರೀಕ್ಷೆಯನ್ನು ಹೊಸದಾಗಿ ಮಾಡಬೇಕೆಂದು ಮೇಡಂ ತೀರ್ಮಾನಿಸಿದರು. ಮರಿ ಸಾಕಣೆ ಕೇಂದ್ರದಿಂದ ಮರಿ ತಂದರೆ, ಇದು ಇಲ್ಲಿಯ ಜೀವವಲ್ಲ ಎಂದು ಕಾರ್ಖಾನೆಯವರು ತಳ್ಳಿಹಾಕುತ್ತಾರೆ. ಇದೇ ಅಳಿವೆಯ ಮರಿಯೇ ಬೇಕು, ಆದರೆ ಕಾರ್ಖಾನೆಯ ಕೊಳವೆಯ ನೀರು ತಾಕದ ಕಡೆಯಿಂದ. ಅಳಿವೆಗೆ ಎರಡು ಕವಲು. ಕೊಳವೆ ಬಿದ್ದದ್ದು ಈಚೆಯದಕ್ಕೆ. ಆಚೆಯ ಕವಲಿನಲ್ಲಿ ಕೆಸರು ಎದೆಮಟ್ಟ, ಅಲ್ಲಿಗೆ ಇಳಿದು ಮರಿ ತರಬಲ್ಲವಳು ನಮಗೆ ಗೊತ್ತಿದ್ದಂತೆ ಒಬ್ಬಳೇ. ಅವಳಿಗೆ ದೊಡ್ಡಮ್ಮ ಇನ್ನೂ ಏನೂ ಹೇಳಿರಲಿಲ್ಲ.

ಅಮ್ಮ ಬಾಗಿಲ ಬಳಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ದೊಡ್ಡಮ್ಮ ಎದುರಿಗೆ ನೆಲದ ಮೇಲೆ ಕೂತಳು. ಜರಡಿಯಿಂದ ಹಿಡಿದು ಬೋಗುಣಿಯಲ್ಲಿ ಸತ್ತವುಗಳವರೆಗೆ ಅವಳು ಎಲ್ಲ ಹೇಳುತ್ತಾ ಹೋದಂತೆ ಅಮ್ಮನ ಕೈಯಲ್ಲಿನ ಸೂಜಿ ನಿಧಾನವಾಯಿತು, ಕೊನೆಗೆ ನಿಂತಿತು.

"ನಾನು ಅವರಿಗೆಲ್ಲ ನಿನ್ನ ಹೆಸರು ಹೇಳ್ದೆ" ಎಂದಳು ಅಮ್ಮ.

"ಗೊತ್ತು ಕಣೇ."

"ಅಂಗಡಿ ಮುಂದೆ ನಿಲ್ಲಿಸಿಕೊಂಡು ಉಗಿದ್ರು ನನಗೆ. ನಾನು ಬಾಯಿ ಬಿಡ್ಲಿಲ್ಲ. ನಮ್ಮಕ್ಕ ನೋಡಿದ್ದಾಳೆ ಅಂದ್ರೆ ನೋಡಿದ್ದಾಳೆ ಅಂತ."

"ಗೊತ್ತು."

"ಏನು ಗೊತ್ತು ನಿನಗೆ? ಎದ್ದು ಹೋಗು ಅಕ್ಕ."

ದೊಡ್ಡಮ್ಮ ಏಳಲಿಲ್ಲ. ಆಚೆ ಕವಲಿನ ಮರಿ ಬೇಕು ಎಂಬ ಮಾತನ್ನು ಹೇಗೋ ಬಾಯಿಂದ ಹೊರಡಿಸಿದಳು. ಅಮ್ಮ ಬಲೆ ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಮ್ಮನ ಕಡೆಯೋ ದೊಡ್ಡಮ್ಮನ ಕಡೆಯೋ ತಿಳಿಯದೆ ಹೊಸ್ತಿಲಲ್ಲೇ ನಿಂತಿದ್ದೆ. ಇಬ್ಬರ ಮೇಲೂ ಸಿಟ್ಟಿತ್ತು, ಇಬ್ಬರನ್ನೂ ನೋಡಿದರೆ ಅಳು ಬರುತ್ತಿತ್ತು.

ಅಮ್ಮ ಬರುತ್ತಾಳೆಂದು ಯಾರಿಗೂ ನಂಬಿಕೆ ಇರಲಿಲ್ಲ. ಆದರೆ ಮುಂದಿನ ದೊಡ್ಡ ಭರತ ಇಳಿದ ಮೇಲೆ ಅವಳು ಕುತ್ತಿಗೆಯವರೆಗೂ ಕೆಸರು ಮಾಡಿಕೊಂಡು, ಮುಚ್ಚಳವಿದ್ದ ದೊಡ್ಡ ಬಕೆಟ್ಟು ಹಿಡಿದು ಕೇಂದ್ರದ ಬಾಗಿಲಿಗೆ ಬಂದಳು. ದೊಡ್ಡಮ್ಮನನ್ನು ಮಾತಾಡಿಸಲಿಲ್ಲ. ಮೇಡಂ ಕಡೆ ತಿರುಗಿ, "ನನ್ನ ಸೀಗಡಿ. ನಾನು ಇಲ್ಲೇ ಕೂತು ನೋಡ್ತೀನಿ" ಎಂದಳು. ಮೇಡಂ ಕುರ್ಚಿ ತರಿಸಿಕೊಟ್ಟರು. ಮರಿಗಳು ಶೆಡ್ಡಿನ ನೀರಿಗೆ ಹೊಂದಿಕೊಳ್ಳಲು ಕೆಲವು ದಿನ ಬಿಟ್ಟು ಪರೀಕ್ಷೆ ಶುರುವಾಯಿತು.

ಈ ಸಲ ತೊಟ್ಟಿಗಳಿರಲಿಲ್ಲ. ಅಗಲ ಬಾಯಿಯ ಗಾಜಿನ ಜಾಡಿಗಳನ್ನು ಮೇಡಂ ಸಾಲಾಗಿ ಇಡಿಸಿದ್ದರು, ಒಂದೊಂದರಲ್ಲಿ ಒಂದೊಂದೇ ಸೀಗಡಿ. ಒಂದು ಸಾಲಿಗೆ ಸಾದಾ ನೀರು, ಇನ್ನೊಂದು ಸಾಲಿಗೆ ಕಾರ್ಖಾನೆಗೆ ಬಿಡಲು ಒಪ್ಪಿಗೆ ಇದ್ದ ಅಳತೆಯ ತಾಮ್ರದ ನೀರು. ಜೊತೆಗೆ ಇನ್ನೊಂದು ಸೀಗಡಿ ಇಲ್ಲದ ಮೇಲೆ ತಿನ್ನುವವರು ಯಾರು? ಎತ್ತಿ ಬೇರೆ ಇಡುವ ಅಗತ್ಯವೇ ಇಲ್ಲ. ಚಿಪ್ಪು ಬಿಚ್ಚುವುದು ಅಲ್ಲೇ ಬಿಚ್ಚಲಿ, ಬದುಕುವುದು ಬದುಕಲಿ.

ದೊಡ್ಡಮ್ಮ ಆ ಜಾಡಿಗಳ ಮುಂದೆ ನಿಂತು, "ಇಷ್ಟೇನಾ ಮೇಡಂ? ಇಷ್ಟು ಮಾಡಿದ್ರೆ ಸಾಕಾಗಿತ್ತಾ?" ಎಂದಳು.

ಕೆಲಸ ಮುಗಿದ ಕೂಡಲೇ ನಾನೂ ಅಲ್ಲಿಗೆ ಓಡಿ ಬರುತ್ತಿದ್ದೆ. ತಾಮ್ರದ ನೀರಿನ ಸಾಲಿನಲ್ಲಿ ಒಂದು ಮರಿ ಪಕ್ಕಕ್ಕೆ ವಾಲಿ ಬೆನ್ನು ಬಗ್ಗಿಸಿದ್ದನ್ನು ಮೊದಲು ಕಂಡದ್ದು ನಾನೇ. ತಲೆಯ ಹಿಂದೆ ಚಿಪ್ಪು ಬಿರಿಯಿತು, ಒಂದೆರಡು ಸಲ ಮೈ ಕೊಡವಿ ಮರಿ ಹೊರಗೆ ಬಂತು. ಪಕ್ಕದಲ್ಲಿ ಬಿದ್ದ ಖಾಲಿ ಚಿಪ್ಪಿಗೆ ಕಾಲು, ಮೀಸೆ, ಗರಗಸ ಎಲ್ಲವೂ ಹಾಗೇ ಇದ್ದವು. ದೊಡ್ಡಮ್ಮನ ಕೈ ತಾನಾಗಿಯೇ ಗೋಡೆಯ ಮೊಳೆಗೆ ತೂಗುಹಾಕಿದ್ದ ಜರಡಿಗೆ ಹೋಯಿತು. ಜಾಡಿಯ ಬಾಯಿಯವರೆಗೂ ಬಂದು ಅಲ್ಲೇ ನಿಂತಿತು. ಅಮ್ಮ ಕುರ್ಚಿಯಿಂದ ಕದಲಲಿಲ್ಲ, ಬೇಡ ಎನ್ನಲೂ ಇಲ್ಲ. ದೊಡ್ಡಮ್ಮ ತಿರುಗಿ ಜರಡಿಯನ್ನು ಅಮ್ಮನ ಮಡಿಲಿಗೆ ಹಾಕಿದಳು. "ಇದು ನಿನ್ನ ಹತ್ರ ಇರಲಿ. ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಬೆಳಿಗ್ಗೆಯ ಹೊತ್ತಿಗೆ ಆ ಮರಿ ಅಂಗಾತ ಬಿದ್ದಿತ್ತು. ಅಕ್ಕಪಕ್ಕದ ಜಾಡಿಗಳಲ್ಲಿ ಅದೇ ನೀರಿನಲ್ಲಿ ಗಟ್ಟಿ ಚಿಪ್ಪಿನವು ಏನೂ ಆಗದವರ ಹಾಗೆ ಓಡಾಡುತ್ತಿದ್ದವು. ಅವುಗಳಲ್ಲಿ ಇನ್ನೊಂದು ಚಿಪ್ಪು ಬಿಚ್ಚಿತು, ಅದೂ ಹೋಯಿತು. ಸಾದಾ ನೀರಿನ ಸಾಲಿನಲ್ಲಿ ಚಿಪ್ಪು ಬಿಚ್ಚಿದವು ಒಂದು ದಿನ ಮಂಕಾಗಿ ಬಿದ್ದಿದ್ದು, ಆಮೇಲೆ ಕಾಲೂರಿ ನಿಂತವು. ನಾಲ್ಕು ದಿನ ಮುಗಿಯುವಾಗ ತಾಮ್ರದ ಸಾಲಿನಲ್ಲಿ ಚಿಪ್ಪು ಬಿಚ್ಚಿದವುಗಳಲ್ಲಿ ಒಂದೂ ಉಳಿದಿರಲಿಲ್ಲ. ಮೇಡಂ, "ಸಾಕು. ಇನ್ನೇನೂ ಬೇಡ" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅವತ್ತು ಶೆಡ್ಡಿನ ಹಿಂದಿನ ನಲ್ಲಿಯ ಬಳಿ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು. "ಕೊನೇದು ಚಿಪ್ಪು ಬಿಡುವಾಗ ನಾನೇನಂದ್ಕೊಂಡೆ ಗೊತ್ತೇನೇ? ನೀನೂ ಸಾಯಿ ಅಂತ. ನೀನು ಬದುಕಿಬಿಟ್ರೆ ನನ್ನ ಮಾತು ಯಾರು ನಂಬ್ತಾರೆ, ಸಾಯಿ ಅಂತ ಬೇಡ್ಕೊಂಡೆ. ಇಷ್ಟು ವರ್ಷದಲ್ಲಿ ಅಂಥ ಮಾತು ನನ್ನ ಮನಸ್ಸಿಗೆ ಬಂದಿರಲಿಲ್ಲ. ಆಗ ಉಳೀಲಿ ಅಂತ ತಪ್ಪು ಮಾಡ್ದೆ. ಈಗ ಸಾಯ್ಲಿ ಅಂತ." ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಅದನ್ನು ನಿಲ್ಲಿಸುವುದೂ ಅವಳಿಗೆ ನೆನಪಿರಲಿಲ್ಲ.

ಮೇಡಂ ಬರೆದು ಕಳಿಸಿದ ಮೇಲೆ ಕಾರ್ಖಾನೆ ಕೇಳಿದ ಹೆಚ್ಚಿನ ಒಪ್ಪಿಗೆ ಸಿಗಲಿಲ್ಲ. ಹೊಸ ಅಳತೆ ನಿಗದಿಯಾಗುವ ತನಕ ಕೊಳವೆಯನ್ನೂ ಮುಚ್ಚಿಸಿದರು. ಕೆಸರಿನಲ್ಲಿ ಸೇರಿಕೊಂಡ ತಾಮ್ರ ಯಾವಾಗ ತೊಳೆದುಹೋಗುತ್ತದೆ, ಮರಿಗಳು ಈಚೆ ಕವಲಿಗೆ ಮತ್ತೆ ಯಾವಾಗ ಬರುತ್ತವೆ ಎಂದು ಮೇಡಂಗೂ ಗೊತ್ತಿಲ್ಲ. ಕೇಂದ್ರದವರು ದೊಡ್ಡಮ್ಮನ ಪ್ರಾಮಾಣಿಕತೆಯನ್ನು ಹಾಡಿ ಹೊಗಳಿದರು. ಒಬ್ಬರು ಶಾಲು ಹೊದೆಸುವ ಮಾತೂ ಆಡಿದರು. "ಆ ಶಾಲು ನನ್ನ ಬಾಯಿಗೆ ತುರುಕಿ, ಆವತ್ತು ನಾನು ನನ್ನ ತಂಗಿಗೆ ಮಾತು ಕೊಡುವಾಗ ತುರುಕಬೇಕಿತ್ತು" ಎಂದು ಅವಳು ಹರಿಹಾಯ್ದ ಮೇಲೆ ಶಾಲಿನ ಮಾತು ಅಲ್ಲಿಗೇ ನಿಂತಿತು.

ಸಾದಾ ನೀರಿನಲ್ಲಿ ಬದುಕಿ ಉಳಿದ ಮರಿಗಳನ್ನು ಆಚೆ ಕವಲಿಗೇ ವಾಪಸ್ಸು ಬಿಡುತ್ತೇನೆಂದು ಅಮ್ಮ ಹಟ ಹಿಡಿದಳು, ಮೇಡಂ ಒಪ್ಪಿದರು. ಅಮ್ಮ ಬಕೆಟ್ಟಿಗೆ ನೀರು ತುಂಬಿಸಿ ಮರಿಗಳನ್ನು ಒಂದೊಂದಾಗಿ ಬಿಟ್ಟಳು. ಅದಕ್ಕೆ ಬಳಸಿದ್ದು ದೊಡ್ಡಮ್ಮ ಮಡಿಲಿಗೆ ಹಾಕಿದ್ದ ಆ ಜರಡಿಯನ್ನೇ. ದೊಡ್ಡಮ್ಮ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಬಕೆಟ್ಟು ಎತ್ತಲು ಬಗ್ಗಿದ ಅಮ್ಮ, ತಲೆ ಎತ್ತದೆಯೇ ಹೇಳಿದಳು:

"ಭಾರ ಇದೆ. ಒಂದು ಕಡೆ ಹಿಡಿ."

ಬಾಗಿಲು ಹಾಕಿಕೊಂಡ ದಿನದಿಂದ ಅವಳು ಅಕ್ಕನ ಜೊತೆ ಆಡಿದ ಮೊದಲ ಮಾತು ಅದು. ದೊಡ್ಡಮ್ಮ ಓಡಿಬಂದು ಹಿಡಿಯ ಇನ್ನೊಂದು ಬದಿಗೆ ಕೈ ಕೊಟ್ಟಳು. ಒಡ್ಡಿನ ಮೇಲಿನ ಕಾಲುದಾರಿಯಲ್ಲಿ ಇಬ್ಬರೂ ಮುಂದೆ, ಮುಚ್ಚಳ ಹಿಡಿದುಕೊಂಡು ನಾನು ಹಿಂದೆ. ಅರ್ಧ ದಾರಿ ಕಳೆಯಿತು. ಆಮೇಲೆ ಅಮ್ಮ ನೇರ ಮುಂದೆ ನೋಡುತ್ತಲೇ ಕೇಳಿದಳು.

"ಆವತ್ತು ತಾಮ್ರದ ನೀರಿನ ಪರೀಕ್ಷೇಲಿ, ಬೋಗುಣೀಲಿ ಎಷ್ಟು ಸತ್ತಿದ್ವು ಅಕ್ಕ?"

ದೊಡ್ಡಮ್ಮ ಬಕೆಟ್ಟಿನೊಳಗಿನ ಮರಿಗಳನ್ನು ನೋಡುತ್ತಾ ನಾಲ್ಕು ಹೆಜ್ಜೆ ನಡೆದಳು.

"ಎಣಿಸಿರಲಿಲ್ಲ ಕಣೇ" ಎಂದಳು ಕೊನೆಗೆ.

ಅಮ್ಮ ನಿಲ್ಲಲಿಲ್ಲ. ಬಕೆಟ್ಟನ್ನು ಕೆಳಗಿಡಲೂ ಇಲ್ಲ. ಇಬ್ಬರ ಹೆಜ್ಜೆ ಸರಿಯಾಗಿ ಕೂಡದೆ ನೀರು ದಾರಿಯುದ್ದಕ್ಕೂ ಇಬ್ಬರ ಕಾಲ ಮೇಲೂ ತುಳುಕುತ್ತಿತ್ತು.